ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಗೆ ಮಣಿಯುತ್ತಿದೆಯೇ? ಯಾವ ಎಂಆರ್‌ಐ, ಯಾವಾಗ ಎಂಬುದರ ಹೋಲಿಕೆ

ಗರ್ಭಕಂಠದ ಕ್ಯಾನ್ಸರ್ ಗಡ್ಡೆ 4 ಸೆಂಟಿಮೀಟರು ದಾಟಿದ್ದರೆ ಅಥವಾ ಗರ್ಭಕಂಠದ ಗಡಿ ಮೀರಿ ಅಕ್ಕಪಕ್ಕದ ಅಂಗಾಂಶಕ್ಕೆ ಕಾಲಿಟ್ಟಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿಂದಾಚೆಗಿನ ದಾರಿಯೆಂದರೆ ಐದಾರು ವಾರಗಳ ಹೊರ ವಿಕಿರಣ, ಅದರ ಜೊತೆಜೊತೆಗೇ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೋಥೆರಪಿ ಔಷಧಿ, ಕೊನೆಯಲ್ಲಿ ಬ್ರಾಕಿಥೆರಪಿ, ಅಂದರೆ ಗರ್ಭಕಂಠದೊಳಕ್ಕೇ ನಳಿಗೆ ಇಟ್ಟು ಕೊಡುವ ಒಳ ವಿಕಿರಣ. ವಾರ್ಡುಗಳಲ್ಲಿ ಇವೆರಡಕ್ಕೂ 'ಕರೆಂಟು ಕೊಡಿಸುವುದು' ಎಂಬ ಒಂದೇ ಹೆಸರು. ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಸೇರಿಸುವುದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರ ಫೆಬ್ರವರಿಯಲ್ಲಿ ವೈದ್ಯರಿಗೆ ಪ್ರಕಟಣೆ ಹೊರಡಿಸಿದ ಮೇಲೆ ಈ ಚೌಕಟ್ಟು ಜಗತ್ತಿನಾದ್ಯಂತ ನೆಲೆನಿಂತಿತು. ಭಾರತದಲ್ಲಿ 2022ರ ಜಾಗತಿಕ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕಾಯಿಲೆ ಹೊಸದಾಗಿ ಪತ್ತೆಯಾಗಿದ್ದು, ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡಿದ್ದಾರೆ. ಬಹಳಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಈ ವಿಕಿರಣದ ದಾರಿಯೇ ಅವರ ಪಾಲಿಗೆ ಉಳಿದಿರುತ್ತದೆ.

ಒಂದೇ ಹಂತದ, ಒಂದೇ ಗಾತ್ರದ ಗಡ್ಡೆಯಿರುವ ಇಬ್ಬರಿಗೆ ಒಂದೇ ಪ್ರಮಾಣದ ವಿಕಿರಣ ಕೊಟ್ಟರೂ ಒಬ್ಬರಲ್ಲಿ ಗಡ್ಡೆ ಮಂಜಿನಂತೆ ಕರಗುತ್ತದೆ, ಇನ್ನೊಬ್ಬರಲ್ಲಿ ಹಠ ಹಿಡಿದು ಕೂರುತ್ತದೆ. ಯಾರಲ್ಲಿ ಹೇಗಾಗುತ್ತದೆ ಎಂಬುದನ್ನು ಮೊದಲೇ, ಕೊನೆಪಕ್ಷ ನಡುವಿನಲ್ಲಾದರೂ ತಿಳಿಯಲು ಎಂಆರ್‌ಐ ನೆರವಾಗುತ್ತದೆ ಎಂಬುದು ಕಳೆದ ಮೂರು ದಶಕಗಳ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಆದರೆ ಎಂಆರ್‌ಐ ಎಂಬುದು ಒಂದೇ ಪರೀಕ್ಷೆಯಲ್ಲ. ಒಂದೇ ಯಂತ್ರದಲ್ಲಿ ನಾಲ್ಕಾರು ಬಗೆಯ ಚಿತ್ರಗಳನ್ನು ತೆಗೆಯಬಹುದು, ಅವನ್ನು ಚಿಕಿತ್ಸೆಯ ನಾಲ್ಕು ಬೇರೆ ಬೇರೆ ಘಟ್ಟಗಳಲ್ಲಿ ತೆಗೆಯಬಹುದು. ಎಲ್ಲವನ್ನೂ ಎಲ್ಲ ಸಮಯದಲ್ಲೂ ಮಾಡಿಸಲು ದುಡ್ಡೂ ಇಲ್ಲ, ಯಂತ್ರದ ಸರದಿಯೂ ಸಿಗುವುದಿಲ್ಲ. ಆಯ್ಕೆ ಅನಿವಾರ್ಯವಾಗುವುದು ಇಲ್ಲಿ. ಯಾವ ಸ್ಕ್ಯಾನು ಅತಿ ಬೇಗ ಭವಿಷ್ಯ ಹೇಳುತ್ತದೆ ಎಂಬ ಪ್ರಶ್ನೆಗಿಂತ, ಯಾವ ಸ್ಕ್ಯಾನಿನ ಉತ್ತರ ಕೇಳಿ ವೈದ್ಯರು ತಮ್ಮ ಕೈಯಲ್ಲಿರುವ ಕೆಲಸವನ್ನು ಬದಲಿಸಬಲ್ಲರು ಎಂಬ ಪ್ರಶ್ನೆ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಆ ಅಳತೆಗೋಲಿನಲ್ಲೇ ನಡೆದಿದೆ.

ಕೈ ಪರೀಕ್ಷೆ, ಸಿಟಿ, ಎಂಆರ್‌ಐ

ಈ ಮೂರರ ಹೋಲಿಕೆಯನ್ನು ಬೇಗ ಮುಗಿಸಬಹುದು. ಅನುಭವಿ ವೈದ್ಯರ ಬೆರಳಿಗೆ ಯೋನಿಯ ಗೋಡೆಯ ಮೇಲೆ ಹರಡಿದ ಗಡ್ಡೆ ಸಿಕ್ಕಷ್ಟು ಚೆನ್ನಾಗಿ ಯಾವ ಯಂತ್ರಕ್ಕೂ ಸಿಗುವುದಿಲ್ಲ, ಹಾಗಾಗಿ ಕೈ ಪರೀಕ್ಷೆಯನ್ನು ಬಿಡುವಂತಿಲ್ಲ. ಗರ್ಭಕಂಠದ ಪಕ್ಕದ ಅಂಗಾಂಶಕ್ಕೆ, ಅಂದರೆ ಪ್ಯಾರಾಮೆಟ್ರಿಯಮ್ಮಿಗೆ ಹಬ್ಬಿದ ರೋಗವನ್ನು ಹಿಡಿಯುವ ವಿಚಾರದಲ್ಲಿ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯೊಂದರಲ್ಲಿ ಕೈ ಪರೀಕ್ಷೆ ಹಿಡಿದದ್ದು ಶೇ 40ರಷ್ಟು, ಎಂಆರ್‌ಐ ಹಿಡಿದದ್ದು ಶೇ 84ರಷ್ಟು. ಸಿಟಿ ಸ್ಕ್ಯಾನಿಗೆ ಗರ್ಭಕಂಠದ ಸಹಜ ಮಾಂಸವೂ ಗಡ್ಡೆಯೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣದಲ್ಲಿ ಕಾಣುತ್ತವೆ. ವಿಕಿರಣದ ಯೋಜನೆ ಹಾಕಲು, ಮೂತ್ರಪಿಂಡ ಊದಿದೆಯೇ ಎಂದು ನೋಡಲು ಅದು ಒಳ್ಳೆಯದು, ಗಡ್ಡೆ ಕರಗುತ್ತಿದೆಯೇ ಎಂದು ಅಳೆಯಲು ಅಲ್ಲ. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವಾದ ಫಿಗೊ ದಶಕಗಳ ಕಾಲ ಕೈ ಪರೀಕ್ಷೆಯನ್ನೇ ಆಧರಿಸಿ ಹಂತ ನಿರ್ಧರಿಸುತ್ತಿತ್ತು. 2018ರಲ್ಲಿ ಅದು ಸ್ಕ್ಯಾನಿನ ಮಾಹಿತಿಯನ್ನೂ ಹಂತ ನಿರ್ಧಾರಕ್ಕೆ ಬಳಸಬಹುದೆಂದು ಒಪ್ಪಿಕೊಂಡಿತು. ಸಿಟಿಯೇ ಸಾಕಲ್ಲವೇ ಎಂಬ ಪ್ರಶ್ನೆಗೆ, ಗಡ್ಡೆಯ ಮಟ್ಟಿಗೆ ಸಾಲದು ಎಂಬುದೇ ನೇರ ಉತ್ತರ.

ಗಾತ್ರವನ್ನು ನೋಡುವ ಚಿತ್ರ: ಟಿ2

ಎಂಆರ್‌ಐ ಚಿತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದೂ ನಂಬಿಕಸ್ಥವೂ ಆದದ್ದು ಟಿ2 ಚಿತ್ರ. ದೇಹವನ್ನು ಎಡಬಲವಾಗಿ ಸೀಳಿ ಪಕ್ಕದಿಂದ ನೋಡಿದಂತಿರುವ ಟಿ2 ಚಿತ್ರವೊಂದನ್ನು ಎದುರಿಗಿಟ್ಟುಕೊಂಡರೆ, ಮುಂದೆ ಮೂತ್ರ ತುಂಬಿದ ಮೂತ್ರಕೋಶ ಬಿಳಿಯ ಚೀಲದಂತೆ ಬೆಳಗುತ್ತದೆ, ಹಿಂದೆ ಗುದನಾಳ, ಇವೆರಡರ ನಡುವೆ ಗರ್ಭಕಂಠ. ಆರೋಗ್ಯವಂತ ಗರ್ಭಕಂಠದ ನಾರು ಮಾಂಸ ಕಪ್ಪು ಉಂಗುರದಂತೆ ಕಾಣುತ್ತದೆ. ಗಡ್ಡೆ ಅದರೊಳಗೆ ಬೂದಿ ಬಣ್ಣದ ಮೋಡದಂತೆ ತುಂಬಿಕೊಂಡಿರುತ್ತದೆ. ಆ ಕಪ್ಪು ಉಂಗುರ ಎಲ್ಲಿ ಹರಿದಿದೆಯೋ ಅಲ್ಲಿ ಗಡ್ಡೆ ಹೊರಕ್ಕೆ ನುಗ್ಗಿದೆ ಎಂದು ಅರ್ಥ. ಚಿಕಿತ್ಸೆ ಫಲಿಸಿದರೆ ಬೂದಿ ಕುಗ್ಗುತ್ತದೆ, ಉಂಗುರ ಮತ್ತೆ ಕೂಡಿಕೊಳ್ಳುತ್ತದೆ. ಈ ಚಿತ್ರಕ್ಕೆ ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಅಂಗಾಂಶ ಎದ್ದು ಕಾಣಲೆಂದು ಕೊಡುವ ಚುಚ್ಚುಮದ್ದು, ಬೇಕಿಲ್ಲ.

ಇಲ್ಲಿ ನಿಜವಾದ ಆಯ್ಕೆ ಇರುವುದು ಅಳೆಯುವ ಬಗೆಯಲ್ಲಿ. ರಿಪೋರ್ಟುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಅತಿ ಉದ್ದದ ಒಂದು ವ್ಯಾಸ. ಕ್ಯಾನ್ಸರ್ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸುವ ರೆಸಿಸ್ಟ್ ನಿಯಮದ ಪ್ರಕಾರ ಆ ವ್ಯಾಸ ಶೇ 30ರಷ್ಟು ಕುಗ್ಗಿದರೆ 'ಭಾಗಶಃ ಸ್ಪಂದನೆ'. ಒಂದು ಲೆಕ್ಕ ಮಾಡಿ ನೋಡೋಣ. ಇಬ್ಬರು ಮಹಿಳೆಯರ ಗಡ್ಡೆಯೂ ಮೊದಲಿಗೆ 5 × 5 × 4 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಮೂರು ವ್ಯಾಸಗಳನ್ನು ಗುಣಿಸಿ, ಬಂದದ್ದನ್ನು ಮೊಟ್ಟೆಯಾಕಾರದ ಗಡ್ಡೆಗೆ ಹೊಂದುವ 0.52ರಿಂದ ಗುಣಿಸಿದರೆ ಗಾತ್ರ 52 ಘನ ಸೆಂಟಿಮೀಟರು. ಐದನೆಯ ವಾರದಲ್ಲಿ ಮೊದಲನೆಯವರ ಗಡ್ಡೆ 3 × 2.5 × 2 ಆಗಿದೆ, ಅಂದರೆ 7.8 ಘನ ಸೆಂಟಿಮೀಟರು. ಮೂಲ ಗಾತ್ರದ ಶೇ 15 ಉಳಿದಿದೆ. ಎರಡನೆಯವರದು 3.5 × 3.5 × 3, ಅಂದರೆ ಸುಮಾರು 19 ಘನ ಸೆಂಟಿಮೀಟರು. ಶೇ 37 ಉಳಿದಿದೆ. ವ್ಯಾಸದ ನಿಯಮಕ್ಕೆ ಇಬ್ಬರೂ 'ಭಾಗಶಃ ಸ್ಪಂದನೆ'ಯ ಒಂದೇ ಗೂಟಕ್ಕೆ ಕಟ್ಟಿದವರು. ಗಾತ್ರ ನೋಡಿದರೆ ಒಬ್ಬರಲ್ಲಿ ಉಳಿದದ್ದಕ್ಕಿಂತ ಎರಡೂವರೆ ಪಟ್ಟು ಇನ್ನೊಬ್ಬರಲ್ಲಿ ಉಳಿದಿದೆ.

ಈ ವ್ಯತ್ಯಾಸ ಬರೀ ಲೆಕ್ಕಾಚಾರದ ಚಮತ್ಕಾರವಲ್ಲ. ಅಮೆರಿಕದ ನೀನಾ ಮೇಯರ್ ಮತ್ತು ಸಂಗಡಿಗರು 1990ರ ದಶಕದಿಂದಲೂ ಇಂಥ ಮಹಿಳೆಯರನ್ನು ಚಿಕಿತ್ಸೆಗೆ ಮುಂಚೆ, ಎರಡನೆಯ ವಾರದಲ್ಲಿ, ನಾಲ್ಕೈದನೆಯ ವಾರದಲ್ಲಿ, ಚಿಕಿತ್ಸೆ ಮುಗಿದ ಒಂದೆರಡು ತಿಂಗಳಿಗೆ ಹೀಗೆ ನಾಲ್ಕು ಸಲ ಸ್ಕ್ಯಾನ್ ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದರು. ವ್ಯಾಸದಿಂದ ಲೆಕ್ಕ ಹಾಕಿದ ಗಾತ್ರಕ್ಕಿಂತ, ಪ್ರತಿ ಪದರದಲ್ಲೂ ಗಡ್ಡೆಯ ಅಂಚನ್ನು ಗೆರೆಯೆಳೆದು ಕೂಡಿಸಿದ ಗಾತ್ರವೇ ಮುಂದಿನದನ್ನು ಚೆನ್ನಾಗಿ ಹೇಳುತ್ತದೆ ಎಂಬುದು ಅವರು ಕಂಡುಕೊಂಡ ಒಂದು ಸಂಗತಿ. 40ರಿಂದ 50 ಗ್ರೇ (ವಿಕಿರಣದ ಡೋಸನ್ನು ಅಳೆಯುವ ಮಾನ) ವಿಕಿರಣ ಮುಗಿದಾಗ ಮೂಲ ಗಾತ್ರದ ಶೇ 20ಕ್ಕಿಂತ ಹೆಚ್ಚು ಗಡ್ಡೆ ಉಳಿದಿದ್ದವರಲ್ಲಿ, ಅದರಲ್ಲೂ ಮೊದಲೇ ಗಡ್ಡೆ ದೊಡ್ಡದಿದ್ದವರಲ್ಲಿ, ರೋಗ ಮರುಕಳಿಸುವುದು ಹೆಚ್ಚು ಎಂಬುದು ಇನ್ನೊಂದು. ವಿಕಿರಣದಲ್ಲಿರುವಾಗ ಗಡ್ಡೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಕುಗ್ಗುವುದಿಲ್ಲ, ಒಂದು ಮಗ್ಗುಲು ಕರಗಿ ಇನ್ನೊಂದು ಮಗ್ಗುಲಿಗೆ ಬಾಲ ಬಿಡುತ್ತದೆ, ಆದ್ದರಿಂದ ಮೊಟ್ಟೆಯಾಕಾರದ ಸೂತ್ರ ಆ ಹೊತ್ತಿಗೆ ಸೋಲುತ್ತದೆ. ನಾನು ಮೇಲೆ ಕೊಟ್ಟ ಲೆಕ್ಕವೂ ಅಷ್ಟರಮಟ್ಟಿಗೆ ಒರಟು.

ನೀರಿನ ಚಲನೆಯನ್ನು ಅಳೆಯುವ ಚಿತ್ರ: ಡಿಫ್ಯೂಷನ್ ಮತ್ತು ಎಡಿಸಿ

ಗಡ್ಡೆ ಕುಗ್ಗುವುದು ಜೀವಕೋಶಗಳು ಸತ್ತು ದೇಹ ಅವನ್ನು ತೆಗೆದುಹಾಕಿದ ಮೇಲೆ. ಸಾವು ಮೊದಲು, ಸಾಗಾಟ ಆಮೇಲೆ. ಹಾಗಾದರೆ ಕುಗ್ಗುವುದಕ್ಕಿಂತ ಮೊದಲೇ ಸಾವನ್ನು ಗುರುತಿಸಬಹುದೇ? ಡಿಫ್ಯೂಷನ್ ಚಿತ್ರದ ಆಸೆ ಹುಟ್ಟಿದ್ದು ಇಲ್ಲಿಂದ. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವನು ಹೆಜ್ಜೆ ಕಿತ್ತಿಡಲಾರದಂತೆ, ಜೀವಕೋಶಗಳು ಒತ್ತೊತ್ತಾಗಿ ತುಂಬಿದ ಗಡ್ಡೆಯಲ್ಲಿ ನೀರಿನ ಅಣುಗಳು ಅತ್ತಿತ್ತ ಓಡಾಡಲಾರವು. ಜೀವಕೋಶಗಳು ಒಡೆದು ಜಾಗ ಬಿಟ್ಟಂತೆಲ್ಲ ನೀರು ಸರಾಗವಾಗಿ ಚಲಿಸುತ್ತದೆ. ಆ ಚಲನೆಯ ಪ್ರಮಾಣವನ್ನು ಎಡಿಸಿ ಎಂಬ ಸಂಖ್ಯೆಯಾಗಿ ಯಂತ್ರ ಕೊಡುತ್ತದೆ. ಅದನ್ನು ಸೆಕೆಂಡಿಗೆ ಇಷ್ಟು ಚದರ ಮಿಲಿಮೀಟರಿನ ಸಾವಿರದ ಒಂದಂಶ ಎಂದು ಹೇಳುವುದು ರೂಢಿ. ಆ ಮಾನದಲ್ಲಿ ಗರ್ಭಕಂಠದ ಗಡ್ಡೆಯ ಎಡಿಸಿ ಸಾಮಾನ್ಯವಾಗಿ 1ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ, ಸಹಜ ಗರ್ಭಕಂಠದ್ದು ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಚಿಕಿತ್ಸೆಗೆ ಮಣಿಯುವ ಗಡ್ಡೆಯಲ್ಲಿ ಈ ಸಂಖ್ಯೆ ಎರಡನೆಯ ವಾರದ ಹೊತ್ತಿಗೇ, ಗಾತ್ರ ಇನ್ನೂ ಹೇಳಿಕೊಳ್ಳುವಷ್ಟು ಇಳಿಯದಿರುವಾಗಲೇ, ಏರತೊಡಗುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನಿನ ತಂಡವೊಂದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಾರಗಳ ಎಡಿಸಿಗೂ ಅಂತಿಮ ಸ್ಪಂದನೆಗೂ ಸಂಬಂಧ ಕಂಡಿತು. ಆಮೇಲೆ ಬೇರೆ ಬೇರೆ ದೇಶಗಳ ತಂಡಗಳಿಗೂ ಇದೇ ದಿಕ್ಕಿನ ಫಲಿತಾಂಶಗಳು ಸಿಕ್ಕಿವೆ.

ಹಾಗಿದ್ದರೆ ಎಡಿಸಿಯನ್ನೇ ಆರಿಸಿಕೊಂಡುಬಿಡಬಹುದಲ್ಲ ಎನ್ನಿಸುವುದು ಸಹಜ. ನಾನು ಅಷ್ಟು ಬೇಗ ಹೂಂಗುಟ್ಟುವುದಿಲ್ಲ. ಎಡಿಸಿ ಎಂಬುದು ಜ್ವರದ ಥರ್ಮಾಮೀಟರಿನ ಅಂಕಿಯಂಥದ್ದಲ್ಲ. ಯಂತ್ರ ಬದಲಾದರೆ, ಚಿತ್ರ ತೆಗೆಯುವಾಗ ಆರಿಸಿಕೊಂಡ ಬಿ-ಮೌಲ್ಯಗಳು (ನೀರಿನ ಚಲನೆಗೆ ಯಂತ್ರ ಎಷ್ಟು ಸೂಕ್ಷ್ಮವಾಗಿರಬೇಕೆಂಬ ಹೊಂದಿಕೆ) ಬದಲಾದರೆ, ರೇಡಿಯಾಲಜಿಸ್ಟ್ ಗಡ್ಡೆಯ ಮೇಲೆ ಎಳೆದ ವೃತ್ತ ಒಂದಿಷ್ಟು ಸರಿದರೂ ಸಂಖ್ಯೆ ಬದಲಾಗುತ್ತದೆ. ಅದೇ ವ್ಯಕ್ತಿಯನ್ನು ಅದೇ ಯಂತ್ರದಲ್ಲಿ ಎರಡು ಸಲ ಮಲಗಿಸಿದರೂ ಶೇ 10ರ ಆಸುಪಾಸಿನ ಏರುಪೇರು ಅಳತೆಯದೇ ಆಗಿರಬಹುದು, 0.90 ಇದ್ದದ್ದು 0.98 ಆಯಿತೆಂದು ಸಂಭ್ರಮಿಸುವಂತಿಲ್ಲ. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಡಿಫ್ಯೂಷನ್ ಚಿತ್ರ ಅಲ್ಲಿಯೇ ಸೊಟ್ಟಗಾಗುತ್ತದೆ, ಗರ್ಭಕಂಠ ಅದಕ್ಕೆ ಅಂಟಿಕೊಂಡೇ ಇದೆ. ಕೆಲವು ತಾಸು ಉಪವಾಸವಿರಿಸುವುದು, ಕರುಳಿನ ಚಲನೆ ತಡೆಯುವ ಚುಚ್ಚುಮದ್ದು ಕೊಡುವುದು ಇವೆಲ್ಲ ಈ ಕಾರಣಕ್ಕೇ ಹೊರತು ಕಾಟ ಕೊಡಲಿಕ್ಕಲ್ಲ. ಲೋಳೆ ತುಂಬಿದ ಅಡೆನೊಕಾರ್ಸಿನೋಮಾ ಬಗೆಯ ಗಡ್ಡೆಗಳಲ್ಲಿ ಎಡಿಸಿ ಮೊದಲಿಗೇ ಹೆಚ್ಚಿರುತ್ತದೆ. ಮಧ್ಯಭಾಗ ಕೊಳೆತು ನೀರಾದ ದೊಡ್ಡ ಗಡ್ಡೆಯಲ್ಲೂ ಹಾಗೆಯೇ; ಅಲ್ಲಿ ಹೆಚ್ಚಿನ ಅಂಕಿಗೆ ಚಿಕಿತ್ಸೆಯ ಗೆಲುವು ಎಂಬ ಅರ್ಥವಿಲ್ಲ, ರಕ್ತವೇ ತಲುಪದ ಜಾಗ ಎಂಬ ಅರ್ಥವಿರಬಹುದು. ಚಿಕಿತ್ಸೆಗೆ ಮುಂಚಿನ ಒಂದೇ ಎಡಿಸಿಯಿಂದ ಭವಿಷ್ಯ ಹೇಳಲು ಹೊರಟ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದಿರಲು ಇಂಥ ಕಾರಣಗಳೂ ಇವೆ. ಒಂದೇ ಯಂತ್ರದಲ್ಲಿ ತೆಗೆದ ಎರಡು ಎಡಿಸಿಗಳ ಅಂತರ, ಒಂಟಿ ಎಡಿಸಿಗಿಂತ ಎಷ್ಟೋ ಮೇಲು.

ಸಂಖ್ಯೆಯನ್ನು ಬದಿಗಿಟ್ಟರೂ ಡಿಫ್ಯೂಷನ್ ಚಿತ್ರಕ್ಕೆ ಬೇರೊಂದು ಉಪಯೋಗವಿದೆ. ಟಿ2ನಲ್ಲಿ ಬೂದಿಯಾಗಿ ಉಳಿದದ್ದು ಗಡ್ಡೆಯೋ ವಿಕಿರಣದ ಊತವೋ ಎಂಬ ಗೊಂದಲ ಬಂದಾಗ, ಅದೇ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆದು ಎಡಿಸಿ ನಕ್ಷೆಯಲ್ಲಿ ಕಪ್ಪಾಗಿ ಕಂಡರೆ ಗಡ್ಡೆಯೇ ಇರುವ ಅನುಮಾನ ಬಲಗೊಳ್ಳುತ್ತದೆ. ಎರಡರಲ್ಲೂ ಬೆಳ್ಳಗಿದ್ದರೆ ನೀರಿನ ಮೋಸವಿರಬಹುದು. ಸ್ಕ್ಯಾನಿನ ಅವಧಿಗೆ ಕೆಲವೇ ನಿಮಿಷ ಸೇರುತ್ತದೆ, ಚುಚ್ಚುಮದ್ದು ಬೇಡ. ಆದ್ದರಿಂದ ಟಿ2 ಜೊತೆಗೆ ಡಿಫ್ಯೂಷನ್ ಇರಲೇಬೇಕು ಎಂದು ನಾನು ಹೇಳುತ್ತೇನೆ, ಟಿ2 ಬದಲಿಗೆ ಎಂದಲ್ಲ.

ರಕ್ತದ ಹರಿವನ್ನು ನೋಡುವ ಚಿತ್ರ: ಕಾಂಟ್ರಾಸ್ಟ್

ಆಮ್ಲಜನಕವಿಲ್ಲದ ಗಡ್ಡೆ ವಿಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಜರ್ಮನಿಯ ಮೈನ್ಜ್‌ನಲ್ಲಿ ಮಿಶಾಯೆಲ್ ಹೋಕೆಲ್ ಅವರ ತಂಡ ಗರ್ಭಕಂಠದ ಗಡ್ಡೆಗಳೊಳಕ್ಕೆ ಸೂಜಿಯಂಥ ವಿದ್ಯುದ್ವಾರ ಇಳಿಸಿ ಆಮ್ಲಜನಕದ ಒತ್ತಡವನ್ನು ನೇರವಾಗಿ ಅಳೆದು, ಅದು ಕಡಿಮೆಯಿದ್ದವರ ಗತಿ ಕೆಟ್ಟದ್ದೆಂದು 1990ರ ದಶಕದಲ್ಲೇ ತೋರಿಸಿತು. ಸೂಜಿ ಇಳಿಸುವುದನ್ನು ಎಲ್ಲೆಡೆ ಮಾಡಲಾಗದು. ಗ್ಯಾಡೊಲಿನಿಯಂ ಕಾಂಟ್ರಾಸ್ಟನ್ನು ರಕ್ತನಾಳಕ್ಕೆ ಚುಚ್ಚಿ, ಅದು ಗಡ್ಡೆಯೊಳಗೆ ಎಷ್ಟು ಬೇಗ ಎಷ್ಟು ಪ್ರಮಾಣದಲ್ಲಿ ಸೇರುತ್ತದೆ ಎಂಬುದನ್ನು ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆದು ನೋಡುವುದು ಅದಕ್ಕೆ ಪರೋಕ್ಷ ದಾರಿ. ಮೇಯರ್ ಅವರ ಅಧ್ಯಯನಗಳಲ್ಲೂ ಓಸ್ಲೋದ ಸಂಶೋಧಕರ ಅಧ್ಯಯನಗಳಲ್ಲೂ ಕಾಂಟ್ರಾಸ್ಟ್ ಸರಿಯಾಗಿ ಸೇರದ ಭಾಗ ಹೆಚ್ಚಿದ್ದಷ್ಟೂ ಫಲಿತಾಂಶ ಕೆಟ್ಟದಾಗಿತ್ತು. ಗಡ್ಡೆಯ ಜೀವಶಾಸ್ತ್ರಕ್ಕೆ ಇಷ್ಟು ಹತ್ತಿರ ಹೋಗುವ ಚಿತ್ರ ಇನ್ನೊಂದಿಲ್ಲ ಎನ್ನಬೇಕು.

ಆದರೂ ದಿನನಿತ್ಯದ ಬಳಕೆಗೆ ಇದು ಮೂರನೆಯ ಸ್ಥಾನದಲ್ಲೇ ಉಳಿಯುತ್ತದೆ. ವಿಶ್ಲೇಷಣೆಗೆ ಬೇಕಾದ ತಂತ್ರಾಂಶ ಮತ್ತು ಪರಿಣತಿ ಎಲ್ಲೆಡೆ ಇಲ್ಲ, ಒಂದು ಕೇಂದ್ರದ ಸಂಖ್ಯೆ ಇನ್ನೊಂದರದಕ್ಕೆ ಹೊಂದುವುದಿಲ್ಲ. ಮೂತ್ರಪಿಂಡದ ಚಿಂತೆ ಬೇರೆ: ಈ ರೋಗದಲ್ಲಿ ಗಡ್ಡೆ ಮೂತ್ರನಾಳವನ್ನು ಅಮುಕಿ ಮೂತ್ರಪಿಂಡ ಊದಿಕೊಳ್ಳುವುದು ಅಪರೂಪವಲ್ಲ, ಸಿಸ್‌ಪ್ಲಾಟಿನ್ ಕೂಡ ಮೂತ್ರಪಿಂಡಕ್ಕೆ ಭಾರ, ಮೂತ್ರಪಿಂಡ ಸೋಸುವ ಶಕ್ತಿಯ ಅಂಕಿ (ಇಜಿಎಫ್‌ಆರ್) 30ಕ್ಕಿಂತ ಕೆಳಗಿಳಿದವರಿಗೆ ಗ್ಯಾಡೊಲಿನಿಯಂ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸಬೇಕು. ಗಡ್ಡೆಗೆ ಆಮ್ಲಜನಕ ಸಾಲುತ್ತಿದೆಯೇ ಎಂದು ದುಬಾರಿ ಚಿತ್ರ ತೆಗೆಸುವುದಕ್ಕೆ ಮುಂಚೆ, ತಿಂಗಳುಗಟ್ಟಲೆ ರಕ್ತ ಹೋಗಿ ಬಿಳಿಚಿಕೊಂಡ ಆ ಹೆಣ್ಣುಮಗಳ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಸರಳ ರಕ್ತಪರೀಕ್ಷೆಯ ಕಡೆಗೆ ಗಮನ ಹರಿದಿರಬೇಕು.

ಚಿತ್ರದ ಪ್ರತಿಯೊಂದು ಚುಕ್ಕೆಯ ವಿನ್ಯಾಸವನ್ನು ಕಂಪ್ಯೂಟರಿಗೆ ಉಣಿಸಿ ಭವಿಷ್ಯ ಹೇಳಿಸುವ ರೇಡಿಯೋಮಿಕ್ಸ್, ಕೃತಕ ಬುದ್ಧಿಮತ್ತೆಗಳ ಬಗೆಗೂ ಈಗ ಬಹಳ ಬರವಣಿಗೆ ಬರುತ್ತಿದೆ. ಒಂದು ಆಸ್ಪತ್ರೆಯ ನೂರಾರು ಚಿತ್ರಗಳ ಮೇಲೆ ಕಲಿತದ್ದು ಇನ್ನೊಂದು ಆಸ್ಪತ್ರೆಯ ಯಂತ್ರದ ಮುಂದೆ ತಡವರಿಸುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಅದನ್ನು ಸದ್ಯಕ್ಕೆ ಸೇರಿಸಬೇಕಿಲ್ಲ.

ಯಾವ ವಾರದ ಸ್ಕ್ಯಾನ್?

ಚಿಕಿತ್ಸೆಗೆ ಮುಂಚಿನ ಎಂಆರ್‌ಐ ಬಗ್ಗೆ ಚರ್ಚೆಯೇ ಬೇಡ, ಅದು ಅಡಿಪಾಯ. ಅದಿಲ್ಲದಿದ್ದರೆ ಮುಂದಿನ ಯಾವ ಸ್ಕ್ಯಾನಿಗೂ ಹೋಲಿಸಲು ಆಧಾರವಿಲ್ಲ. ಯಾರಿಗೆ ಹೆಚ್ಚಿನ ಚಿಕಿತ್ಸೆ ಬೇಕು ಎಂಬ ನಿರ್ಧಾರವೂ ಈಗ ಇಲ್ಲಿಯೇ ಆಗಬೇಕಿದೆ: ವಿಕಿರಣಕ್ಕೆ ಮುಂಚೆ ಆರು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋಥೆರಪಿ ಔಷಧಿಗಳನ್ನು ಕೊಟ್ಟರೆ ಐದು ವರ್ಷ ಬದುಕುಳಿಯುವವರು ಶೇ 72ರಿಂದ ಶೇ 80ಕ್ಕೆ ಏರುತ್ತಾರೆಂದು ಭಾರತದ ರೋಗಿಗಳೂ ಇದ್ದ ಇಂಟರ್‌ಲೇಸ್ ಅಧ್ಯಯನ 2024ರಲ್ಲಿ ತೋರಿಸಿತು, ವಿಕಿರಣದ ಜೊತೆಗೆ ಪೆಂಬ್ರೊಲಿಜುಮಾಬ್ ಎಂಬ ರೋಗನಿರೋಧಕ ಶಕ್ತಿಯನ್ನು ಬಳಸುವ ಔಷಧಿ ಸೇರಿಸಿದ ಇನ್ನೊಂದು ಅಧ್ಯಯನವೂ ಲಾಭ ಕಂಡಿತು.

ಎರಡನೆಯ ವಾರದ ಎಂಆರ್‌ಐ ಎಲ್ಲಕ್ಕಿಂತ ಬೇಗ ಸುಳಿವು ಕೊಡುತ್ತದೆ. ಆದರೆ ಆ ಸುಳಿವನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡುವುದು? ಎಡಿಸಿ ಏರಿಲ್ಲವೆಂದು ವಿಕಿರಣವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆಗೆ ಹೋಗುವಂತಿಲ್ಲ, ಔಷಧಿ ಬದಲಿಸುವ ನಿಯಮವೂ ಇನ್ನೂ ನೆಲೆಗೊಂಡಿಲ್ಲ. ನಡುವೆ ಚಿಕಿತ್ಸೆ ತಡವಾದರೆ ನಷ್ಟವೇ ಹೆಚ್ಚು. ಹೊರ ವಿಕಿರಣ ಮತ್ತು ಬ್ರಾಕಿಥೆರಪಿ ಸೇರಿ ಒಟ್ಟು ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು, ಅದಕ್ಕಿಂತ ಪ್ರತಿ ದಿನ ಜಾರಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತಾ ಹೋಗುತ್ತದೆ. ಸಂಶೋಧನೆಯಲ್ಲಿ ಪಾಲ್ಗೊಳ್ಳುತ್ತಿರುವವರಿಗೆ ಎರಡನೆಯ ವಾರದ ಸ್ಕ್ಯಾನ್ ಸರಿ. ಅದಕ್ಕೆಂದು ಸಾಲ ಮಾಡಿ ಹೊರಗಿನ ಸ್ಕ್ಯಾನಿಂಗ್ ಕೇಂದ್ರಕ್ಕೆ ಓಡುವುದು, ಅದಕ್ಕಾಗಿ ಒಂದು ದಿನದ ವಿಕಿರಣ ತಪ್ಪಿಸುವುದು ಸರಿಯಲ್ಲ.

ನಾಲ್ಕೈದನೆಯ ವಾರದ್ದು, ಬ್ರಾಕಿಥೆರಪಿಯ ಹೊಸ್ತಿಲಿನಲ್ಲಿ ತೆಗೆಯುವ ಎಂಆರ್‌ಐ ಬೇರೆಯದೇ ಜಾತಿಯದು. ಅಷ್ಟು ಹೊತ್ತಿಗೆ ಗಡ್ಡೆ ತಾನು ಏನೆಂಬುದನ್ನು ಬಹುಪಾಲು ತೋರಿಸಿಕೊಂಡಿರುತ್ತದೆ, ಮತ್ತು ಚಿಕಿತ್ಸೆಯ ಅತ್ಯಂತ ಪ್ರಬಲ ಆಯುಧ ಇನ್ನೂ ಬಾಕಿಯಿರುತ್ತದೆ. ಬ್ರಾಕಿಥೆರಪಿಯನ್ನು 1938ರ ಮ್ಯಾಂಚೆಸ್ಟರ್ ಪದ್ಧತಿಯಂತೆ 'ಎ' ಎಂಬ ಒಂದು ಕಾಲ್ಪನಿಕ ಬಿಂದುವಿಗೆ ಲೆಕ್ಕ ಹಾಕಿ ಕೊಡುವುದು ಬಹುಕಾಲದ ರೂಢಿ. ಗಡ್ಡೆ ಚಿಕ್ಕದಿರಲಿ ದೊಡ್ಡದಿರಲಿ, ಎಡಕ್ಕೆ ವಾಲಿರಲಿ ಬಲಕ್ಕೆ ವಾಲಿರಲಿ, ಬಿಂದು ಮಾತ್ರ ಅಲ್ಲಿಯೇ. ಯುರೋಪಿನ ತಜ್ಞರ ಗುಂಪು 2005 ಮತ್ತು 2006ರಲ್ಲಿ ಹೊರಡಿಸಿದ ಶಿಫಾರಸುಗಳು ಇದನ್ನು ತಲೆಕೆಳಗು ಮಾಡಿದವು: ಎಂಆರ್‌ಐನಲ್ಲಿ ಆ ದಿನ ಉಳಿದಿರುವ ಗಡ್ಡೆಯನ್ನು, ಇಡೀ ಗರ್ಭಕಂಠವನ್ನು, ಪಕ್ಕದಲ್ಲಿ ಬೂದಿಯಾಗಿ ಉಳಿದ ಜಾಗಗಳನ್ನು ಗೆರೆಯೆಳೆದು ಗುರುತಿಸಿ, ಆ ಆಕಾರಕ್ಕೆ ಹೊಂದುವಂತೆ ವಿಕಿರಣವನ್ನು ರೂಪಿಸಬೇಕು. ಬಲಪಕ್ಕದಲ್ಲಿ ಬೂದಿ ಎಳೆಯೊಂದು ಶ್ರೋಣಿಯ ಗೋಡೆಯ ಕಡೆಗೆ ಚಾಚಿಕೊಂಡೇ ಇದೆ ಎಂದು ಕಂಡರೆ, ವೈದ್ಯರು ನಳಿಗೆಯ ಜೊತೆಗೆ ಆ ಪಕ್ಕಕ್ಕೇ ಕೆಲವು ಸೂಜಿಗಳನ್ನು ಸೇರಿಸಿ ಅಲ್ಲಿಗೆ ಡೋಸು ತಲುಪಿಸಬಲ್ಲರು. ಚೆನ್ನಾಗಿ ಕರಗಿದ್ದರೆ ಮೂತ್ರಕೋಶ ಮತ್ತು ಗುದನಾಳಕ್ಕೆ ಬೀಳುವ ಪೆಟ್ಟನ್ನು ತಗ್ಗಿಸಬಲ್ಲರು.

ಇದರ ಫಲ ಅಂಕಿಗಳಲ್ಲಿದೆ. ಮುಂಬೈಯ ಟಾಟಾ ಮೆಮೋರಿಯಲ್ ಕೂಡ ಪಾಲ್ಗೊಂಡಿದ್ದ ಎಂಬ್ರೇಸ್ ಅಧ್ಯಯನ ಎಂಆರ್‌ಐ ಆಧರಿಸಿ ಬ್ರಾಕಿಥೆರಪಿ ಪಡೆದ 1,341 ಮಹಿಳೆಯರ ವಿವರವನ್ನು 2021ರಲ್ಲಿ ಪ್ರಕಟಿಸಿತು. ಐದು ವರ್ಷಗಳಿಗೆ ಗಡ್ಡೆಯ ಜಾಗದಲ್ಲಿ ರೋಗ ಹತೋಟಿಯಲ್ಲಿದ್ದದ್ದು ಶೇ 92ರಷ್ಟು ಮಂದಿಯಲ್ಲಿ. ಅದೇ ಬಳಗದ ಹಿಂದಿನ ವಿಶ್ಲೇಷಣೆಯೊಂದರ ಪ್ರಕಾರ, ಏಳು ವಾರದೊಳಗೆ 85 ಗ್ರೇ ಡೋಸು ತಲುಪಿಸಿದಾಗ ಬ್ರಾಕಿಥೆರಪಿಯ ಗುರಿಪ್ರದೇಶ 20 ಘನ ಸೆಂಟಿಮೀಟರು ಇದ್ದವರಲ್ಲಿ ಮೂರು ವರ್ಷದ ಹತೋಟಿ ಶೇ 94ಕ್ಕೂ ಮೇಲೆ, 70 ಘನ ಸೆಂಟಿಮೀಟರು ಇದ್ದವರಲ್ಲಿ ಶೇ 86ಕ್ಕೂ ಮೇಲೆ. ಐದನೆಯ ವಾರದಲ್ಲಿ ಎಷ್ಟು ಉಳಿದಿದೆ ಎಂಬುದು ಮುಂದಾಗುವುದನ್ನು ಸೂಚಿಸುತ್ತದೆ, ಆದರೆ ಡೋಸು ಸರಿಯಾಗಿ ತಲುಪಿದರೆ ಹೆಚ್ಚು ಉಳಿದವರನ್ನೂ ಕೈಬಿಡಬೇಕಿಲ್ಲ. ಮೇಲಿನ ಲೆಕ್ಕದಲ್ಲಿ ಶೇ 37 ಉಳಿದಿದ್ದ ಎರಡನೆಯ ಮಹಿಳೆಗೆ ಈ ಸ್ಕ್ಯಾನ್ ಕೆಟ್ಟ ಸುದ್ದಿಯನ್ನೂ ಅದಕ್ಕೆ ಮಾಡಬಹುದಾದದ್ದನ್ನೂ ಒಟ್ಟಿಗೇ ತರುತ್ತದೆ. ಒಂದೇ ಒಂದು ಹೆಚ್ಚುವರಿ ಎಂಆರ್‌ಐಗೆ ದುಡ್ಡು ಹೊಂದಿಸಬಹುದಾದರೆ ಅದು ಇದೇ ಆಗಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಳಿಗೆಯನ್ನು ಒಳಗಿಟ್ಟುಕೊಂಡೇ ಎಂಆರ್‌ಐ ತೆಗೆಯುವುದು ಉತ್ತಮ. ಅದಕ್ಕೆ ಟೈಟೇನಿಯಂ ಅಥವಾ ಪ್ಲಾಸ್ಟಿಕ್ಕಿನ ನಳಿಗೆ ಬೇಕು, ಹಳೆಯ ಉಕ್ಕಿನ ನಳಿಗೆ ನಡೆಯದು, ಮತ್ತು ವಿಕಿರಣ ವಿಭಾಗದಿಂದ ಎಂಆರ್‌ಐ ಕೋಣೆಗೆ ರೋಗಿಯನ್ನು ನಳಿಗೆ ಅಲುಗದಂತೆ ಸಾಗಿಸಬೇಕು. ಎಲ್ಲ ಕಡೆ ಇದು ಆಗುವುದಿಲ್ಲ. ಹಾಗಾಗದ ಕಡೆ ಬ್ರಾಕಿಥೆರಪಿಗೆ ಒಂದೆರಡು ದಿನ ಮುಂಚೆ ನಳಿಗೆಯಿಲ್ಲದೆ ಎಂಆರ್‌ಐ ತೆಗೆದು, ನಳಿಗೆ ಇಟ್ಟ ಮೇಲೆ ಸಿಟಿ ತೆಗೆದು ಎರಡನ್ನೂ ಜೊತೆಗಿಟ್ಟು ಓದುವುದು, ಅಥವಾ ಮೊದಲ ಸಲ ಎಂಆರ್‌ಐ, ಉಳಿದ ಸಲ ಸಿಟಿ ಎಂಬ ಬೆರಕೆ ಪದ್ಧತಿ ಒಪ್ಪತಕ್ಕ ಪರ್ಯಾಯಗಳು.

ಮುಗಿದ ಮೇಲೆ: ಎಂಆರ್‌ಐಯೋ ಪೆಟ್-ಸಿಟಿಯೋ

ಚಿಕಿತ್ಸೆ ಮುಗಿದ ಕೂಡಲೇ ಸ್ಕ್ಯಾನ್ ಮಾಡಿಸಿ ನೋಡುವ ಆತುರ ಮನೆಯವರಿಗೆ ಇರುತ್ತದೆ. ಮೊದಲ ಎರಡು ತಿಂಗಳಲ್ಲಿ ವಿಕಿರಣದ ಊತ ಟಿ2 ಚಿತ್ರದಲ್ಲಿ ಗಡ್ಡೆಯ ವೇಷ ಹಾಕಿರುತ್ತದೆ, ಇಲ್ಲದ ಗಡ್ಡೆಗೆ ಎದೆಗುಂದಬೇಕಾಗುತ್ತದೆ. ಮೂರು ತಿಂಗಳು ಕಾಯುವುದು ಮೇಲು. ಆಗ ಕಪ್ಪು ಉಂಗುರ ಪೂರ್ತಿಯಾಗಿ ಮರಳಿ ಬಂದಿದ್ದರೆ ಅದು ಭರವಸೆಯ ಚಿತ್ರ. ಬೂದಿ ಉಳಿದು ಡಿಫ್ಯೂಷನ್ನಿನಲ್ಲೂ ಅನುಮಾನ ಕಂಡರೆ ಬಯಾಪ್ಸಿಯ ಯೋಚನೆ ಬರುತ್ತದೆ, ವಿಕಿರಣ ತಿಂದ ಜಾಗದ ಗಾಯ ಸುಲಭವಾಗಿ ಮಾಯುವುದಿಲ್ಲವಾದ್ದರಿಂದ ಅದನ್ನೂ ಹಗುರವಾಗಿ ಮಾಡುವಂತಿಲ್ಲ.

ಈ ಘಟ್ಟದಲ್ಲಿ ಮಾತ್ರ ಪೆಟ್-ಸಿಟಿ, ಅಂದರೆ ಚುಚ್ಚಿದ ವಿಕಿರಣಶೀಲ ಸಕ್ಕರೆಯನ್ನು ಹೀರಿಕೊಂಡು ಗಡ್ಡೆ ಹೊಳೆಯುವುದನ್ನು ತೋರಿಸುವ ಸ್ಕ್ಯಾನ್, ಎಂಆರ್‌ಐಗೆ ಸರಿಸಾಟಿಯಾಗಿ, ಕೆಲವು ವಿಚಾರದಲ್ಲಿ ಮುಂದೆ ನಿಲ್ಲುತ್ತದೆ. ಅಮೆರಿಕದ ಸೇಂಟ್ ಲೂಯಿಯ ವೈದ್ಯರು 92 ಮಹಿಳೆಯರಿಗೆ ಚಿಕಿತ್ಸೆ ಮುಗಿದ ಸುಮಾರು ಮೂರು ತಿಂಗಳಿಗೆ ಪೆಟ್ ಮಾಡಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಈಗಲೂ ಉಲ್ಲೇಖಾರ್ಹ: ಗಡ್ಡೆಯ ಜಾಗದಲ್ಲಿ ಸಕ್ಕರೆಯ ಹೊಳಪು ಪೂರ್ತಿ ಆರಿದ್ದವರಲ್ಲಿ ಶೇ 78 ಮಂದಿ ಮೂರು ವರ್ಷಕ್ಕೂ ರೋಗ ಬೆಳೆಯದೆ ಉಳಿದರು, ಹೊಳಪು ಸ್ವಲ್ಪ ಉಳಿದವರಲ್ಲಿ ಶೇ 33, ಹೊಸ ಜಾಗದಲ್ಲಿ ಅಥವಾ ಹೆಚ್ಚಾಗಿ ಹೊಳೆದವರಲ್ಲಿ ಯಾರೂ ಇಲ್ಲ. ಹೊಟ್ಟೆಯ ಮಹಾಧಮನಿಯ ಪಕ್ಕದ ದುಗ್ಧಗ್ರಂಥಿಗಳು, ಶ್ವಾಸಕೋಶ, ಕುತ್ತಿಗೆ ಇವೆಲ್ಲ ಪೆಟ್‌ನಲ್ಲಿ ಒಂದೇ ಸಲಕ್ಕೆ ಕಾಣುತ್ತವೆ. ಕೆಳಹೊಟ್ಟೆಗೆ ಸೀಮಿತವಾದ ಎಂಆರ್‌ಐಗೆ ಅವು ಕಾಣುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಉಳಿದ ಗಡ್ಡೆ ಮೂತ್ರಕೋಶದ ಗೋಡೆಯನ್ನು ಮುಟ್ಟಿದೆಯೇ, ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಸಾಧ್ಯವೇ ಎಂಬ ಮಿಲಿಮೀಟರಿನ ಪ್ರಶ್ನೆಗೆ ಎಂಆರ್‌ಐಯೇ ಉತ್ತರಿಸಬೇಕು. ಆರಂಭದಲ್ಲೇ ದುಗ್ಧಗ್ರಂಥಿಗೆ ರೋಗ ಹರಡಿದ್ದವರಿಗೆ ಮೂರನೆಯ ತಿಂಗಳಲ್ಲಿ ಪೆಟ್-ಸಿಟಿ, ಗರ್ಭಕಂಠ ಮತ್ತು ಪಕ್ಕದ ಅಂಗಾಂಶಕ್ಕಷ್ಟೇ ರೋಗವಿದ್ದವರಿಗೆ ಎಂಆರ್‌ಐ, ಎರಡರಲ್ಲೊಂದು ಅನುಮಾನ ಮೂಡಿಸಿದರೆ ಇನ್ನೊಂದು, ಹೀಗೆ ಆರಿಸಿಕೊಂಡರೆ ಖರ್ಚೂ ಹಿಡಿತದಲ್ಲಿರುತ್ತದೆ.

ಬರೆಸಿಕೊಳ್ಳಬೇಕಾದದ್ದು, ಇಟ್ಟುಕೊಳ್ಳಬೇಕಾದದ್ದು

1.5 ಟೆಸ್ಲಾ ಯಂತ್ರವೋ 3 ಟೆಸ್ಲಾ ಯಂತ್ರವೋ (ಟೆಸ್ಲಾ ಎಂದರೆ ಯಂತ್ರದ ಆಯಸ್ಕಾಂತದ ಬಲದ ಮಾನ) ಎಂಬ ಚಿಂತೆಗೆ ಹೆಚ್ಚು ಬೆಲೆಯಿಲ್ಲ. 3 ಟೆಸ್ಲಾ ಚಿತ್ರ ಹರಿತ, ಆದರೆ ಕರುಳಿನ ಗಾಳಿಗೆ ಅದು ಹೆಚ್ಚು ಕೆರಳುತ್ತದೆ. ಮೊದಲ ಸ್ಕ್ಯಾನೂ ಐದನೆಯ ವಾರದ ಸ್ಕ್ಯಾನೂ ಒಂದೇ ಯಂತ್ರದಲ್ಲಾಗುವುದು ಅದಕ್ಕಿಂತ ಮುಖ್ಯ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೊದಲ ಸ್ಕ್ಯಾನ್ ಮಾಡಿಸಿ ಚಿಕಿತ್ಸೆಗೆ ಬೆಂಗಳೂರಿಗೆ ಬರುವವರಿಗೆ ಇದು ಕಷ್ಟ. ಆಗ ಎಡಿಸಿ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸದೆ ಟಿ2 ಗಾತ್ರವನ್ನಷ್ಟೇ ಹೋಲಿಸುವುದು ಪ್ರಾಮಾಣಿಕ ಕ್ರಮ. ಸ್ಕ್ಯಾನಿನ ಚೀಟಿಯಲ್ಲಿ 'ಎಂಆರ್‌ಐ ಪೆಲ್ವಿಸ್' ಎಂದಷ್ಟೇ ಬರೆಯುವ ಬದಲು, ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ನಡೆಯುತ್ತಿದೆ, ಎಷ್ಟು ದಿನದ ವಿಕಿರಣ ಮುಗಿದಿದೆ, ಗರ್ಭಕಂಠದ ಅಕ್ಷಕ್ಕೆ ಅಡ್ಡಲಾಗಿ ಟಿ2 ಮತ್ತು ಡಿಫ್ಯೂಷನ್ ಬೇಕು, ಮೂರೂ ವ್ಯಾಸ ಅಥವಾ ಗಾತ್ರ ತಿಳಿಸಿ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಪೇಸ್‌ಮೇಕರ್ ಇದ್ದರೆ, ದೇಹದಲ್ಲಿ ಲೋಹದ ತುಂಡಿದ್ದರೆ, ಕ್ರಿಯಾಟಿನಿನ್ ಏರಿದ್ದರೆ ಅದನ್ನೂ ಅಲ್ಲಿಯೇ ನಮೂದಿಸಬೇಕು.

ಹೊರಬರುವಾಗ ಫಿಲ್ಮುಗಳ ದೊಡ್ಡ ಲಕೋಟೆಯನ್ನೇ ಕೈಗಿತ್ತು ಕಳಿಸುವ ಕೇಂದ್ರಗಳಿವೆ. ಫಿಲ್ಮಿನಲ್ಲಿ ಆರಿಸಿ ಅಚ್ಚುಮಾಡಿದ ಕೆಲವು ಚಿತ್ರಗಳಷ್ಟೇ ಇರುತ್ತವೆ. ಅದರ ಮೇಲೆ ಎಡಿಸಿಯನ್ನು ಮತ್ತೆ ಅಳೆಯಲೂ ಆಗದು, ಗಾತ್ರದ ಗೆರೆ ಎಳೆಯಲೂ ಆಗದು, ಬ್ರಾಕಿಥೆರಪಿಯ ಯೋಜನೆಗೆ ಸೇರಿಸಲೂ ಆಗದು. ಇಡೀ ಸ್ಕ್ಯಾನಿನ ಡೈಕಾಮ್ ಕಡತಗಳಿರುವ (ಎಲ್ಲ ಚಿತ್ರಗಳ ಮೂಲ ಡಿಜಿಟಲ್ ರೂಪ) ಸಿಡಿಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆದು, ಅದರ ಮೇಲೆ ತಾರೀಕನ್ನೂ ಅಂದಿಗೆ ಮುಗಿದಿದ್ದ ವಿಕಿರಣದ ದಿನಗಳನ್ನೂ ಬರೆದು, ಚಿಕಿತ್ಸೆಯ ಕಡತದ ಜೊತೆಗೇ ಇಟ್ಟುಕೊಳ್ಳಿ. ಮೂರನೆಯ ತಿಂಗಳಿನ ಚಿತ್ರವನ್ನು ಓದುವ ರೇಡಿಯಾಲಜಿಸ್ಟ್ ಮೊದಲು ಕೇಳುವುದು ಅದನ್ನೇ.